ನಮ್ಮೂರಿಗೆ ಆನೆ ಯಾವಾಗ ಬಂತು?

2023ರ ಫೆಬ್ರವರಿ 20ರ ಬೆಳಿಗ್ಗೆ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಹಾಲಿನ ಸೊಸೈಟಿಗೆ ಕೆಲಸಕ್ಕೆ ಹೊರಟಿದ್ದ ಯುವತಿಯನ್ನು ಕಾಡಾನೆ ಕೊಂದು ಹಾಕಿತು. ಆಕೆಯ ಕೂಗು ಕೇಳಿ ಓಡಿಬಂದವರೊಬ್ಬರೂ ಅದೇ ಆನೆಗೆ ಬಲಿಯಾದರು. ಅದೇ ವಾರ ಸಾಕಾನೆಗಳನ್ನು ತರಿಸಿ ಒಂದು ಆನೆಯನ್ನು ಹಿಡಿದು ದುಬಾರೆಗೆ ಸಾಗಿಸಿದರು.

ಆ ದಿನಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಕೇಳಿದೆ. ಊರಿಗೆ ಫೋನ್ ಮಾಡಿದರೆ, "ನಮ್ಮ ಅಜ್ಜಂದಿರ ಕಾಲದಲ್ಲಿ ಇಲ್ಲಿ ಆನೆ ಅಂತ ಇದ್ದದ್ದೇ ಇಲ್ಲ ಮಾರಾಯ, ಇದೆಲ್ಲ ಎಲ್ಲಿಂದಲೋ ತಂದು ಬಿಟ್ಟದ್ದು" ಅನ್ನುವುದು. ಬೆಂಗಳೂರಿನ ಆಫೀಸಿನ ಗೆಳೆಯರಲ್ಲಿ ಹೇಳಿದರೆ, "ಕಾಡು ಅವುಗಳದ್ದಲ್ವಾ, ನೀವು ಹೋಗಿ ತೋಟ ಮಾಡಿದ್ದು" ಅನ್ನುವುದು. ಎರಡೂ ಬಹಳ ಗಟ್ಟಿಯಾಗಿ ಹೇಳುವ ಮಾತು. ನನಗೇನೋ ಎರಡೂ ಸರಿ ಕಾಣಲಿಲ್ಲ. ಹಾಗಾಗಿ ಕುಮಾರಧಾರೆ, ಪಯಸ್ವಿನಿ ಹೊಳೆಗಳ ಆಚೀಚೆ ಮೃಗಗಳ ಕತೆ ಏನು, ಯಾವುದು ಹೋಯಿತು, ಯಾವುದು ಬಂತು ಅಂತ ಸಿಕ್ಕಿದ್ದನ್ನೆಲ್ಲ ಓದುತ್ತಾ, ಹಿರಿಯರನ್ನು ಕೇಳುತ್ತಾ ಹೋದೆ. ಇದು ಅದರ ಒಂದು ಭಾಗ. ಸ್ವಲ್ಪ ಉದ್ದವಾಗಿದೆ, ಚಾ ಹಿಡ್ಕೊಂಡು ಕೂತ್ಕೊಳ್ಳಿ.

ನಮ್ಮ ಕಡೆಯ ಪರಿಚಯ ಇಲ್ಲದವರಿಗೆ ಎರಡು ಮಾತು. ಪುಷ್ಪಗಿರಿ ಬೆಟ್ಟಗಳ ಕಡೆಯಿಂದ ಇಳಿಯುವ ಕುಮಾರಧಾರೆ ಸುಬ್ರಹ್ಮಣ್ಯದ ಮೇಲೆ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಶಿರಾಡಿ ಘಾಟಿಯ ಕೆಂಪುಹೊಳೆ, ಅಡ್ಡಹೊಳೆಗಳೆಲ್ಲ ಗುಂಡ್ಯದ ಹೊಳೆಯಾಗಿ ಕೊನೆಗೆ ಇದೇ ನೀರಿಗೆ ಬರುತ್ತವೆ. ದಕ್ಷಿಣದಲ್ಲಿ ಸಂಪಾಜೆ, ಸುಳ್ಯದ ಮೇಲೆ ಹೋಗುವ ಪಯಸ್ವಿನಿ ಮಾತ್ರ ಕಾಸರಗೋಡಿಗೆ ಇಳಿದು ಚಂದ್ರಗಿರಿ ಹೊಳೆ ಆಗುತ್ತದೆ. ಪುತ್ತೂರು, ಸುಳ್ಯ, ಕಡಬ ಈಗ ಮೂರು ತಾಲೂಕು. ಕಡಬ ಈಚೆಗೆ ಆದದ್ದು. ಹಳೇ ಕಡತಗಳಲ್ಲಿ 'ಪುತ್ತೂರು ತಾಲೂಕು' ಅಂತ ಹುಡುಕಿದರೆ ಸಿಗುವುದಿಲ್ಲ, ಬ್ರಿಟಿಷರ ಕಾಲದಲ್ಲಿ ಇಡೀ ಪ್ರದೇಶಕ್ಕೆ 'ಉಪ್ಪಿನಂಗಡಿ ತಾಲೂಕು' ಅಂತಲೇ ಹೆಸರು.

ಮೊದಲಿಗೆ ಹೆಸರುಗಳನ್ನೇ ನೋಡಿ. ಪುತ್ತೂರಿಂದ ಸುಳ್ಯಕ್ಕೆ ಬಸ್ಸಿನಲ್ಲಿ ಹೋಗುವಾಗ ಆನೆಗುಂಡಿ ಅಂತ ಒಂದು ಜಾಗ ಸಿಗುತ್ತದೆ. ಆನೆ ಹಿಡಿಯಲು ತೋಡಿದ ಗುಂಡಿ ಅಂತಲೇ ಅದರ ಅರ್ಥ. ಆನೆಯೇ ಇಲ್ಲದ ಊರಲ್ಲಿ ಆನೆಗುಂಡಿ ಯಾರು ತೋಡುತ್ತಾರೆ? ಮಂಗಳೂರಿನ ಹತ್ತಿರದ ಪಿಲಿಕುಳ ಎಲ್ಲರಿಗೂ ಗೊತ್ತು, ಪಿಲಿ ಅಂದರೆ ತುಳುವಿನಲ್ಲಿ ಹುಲಿ. ಸುರತ್ಕಲ್ ಕಡೆಯ ಕಾಟಿಪಳ್ಳ ಕಾಟಿಗಳು, ಅಂದರೆ ಕಾಡುಕೋಣಗಳು, ನೀರಿಗೆ ಬರುತ್ತಿದ್ದ ಪಳ್ಳ ಇರಬಹುದು. ಇನ್ನು ಕಡಬ! ಕದಂಬರಿಂದ ಬಂದ ಹೆಸರು ಅಂತ ನಮ್ಮಲ್ಲಿ ಹೇಳುತ್ತಾರೆ. ಆದರೆ ಕನ್ನಡದಲ್ಲಿ ಕಡವೆಗೆ 'ಕಡಬ' ಅಂತಲೂ ಒಂದು ಹಳೇ ರೂಪ ಇದೆ, ತುಳುವಿನಲ್ಲಿ 'ಕಡಮ'. ಕದಂಬರಾ, ಕಡವೆಯಾ ಅಂತ ತೀರ್ಮಾನ ಮಾಡಲು ನಾನು ಶಾಸನತಜ್ಞ ಅಲ್ಲ. ಆದರೆ ಕಡವೆ ಅಂತ ಇಟ್ಟುಕೊಂಡರೆ ನನಗಂತೂ ಖುಷಿ :)

ದೈವಗಳನ್ನು ನೋಡಿದರೂ ಅಷ್ಟೇ. ಪಂಜಿ ಅಂದರೆ ಹಂದಿ, ಅದರಿಂದ ಪಂಜುರ್ಲಿ. ಹುಲಿಗೆ ಪಿಲಿಚಾಮುಂಡಿ. ಗದ್ದೆಯನ್ನು ಹಾಳು ಮಾಡುವ ಪ್ರಾಣಿ, ಹಟ್ಟಿಯ ದನ ಹಿಡಿಯುವ ಪ್ರಾಣಿ, ಇವೆರಡೂ ದೈವಗಳಾಗಿ ನಮ್ಮ ಬೆಳೆಯನ್ನೂ ದನವನ್ನೂ ಕಾಯಲು ಒಪ್ಪಿಕೊಂಡವು. ನಂಬಿಕೆಯ ವಿಷಯ ಬಿಡಿ, ಚರಿತ್ರೆಯ ಕಣ್ಣಿನಿಂದ ನೋಡಿದರೆ ಇದೊಂದು ದಾಖಲೆ. ಈ ಊರುಗಳಲ್ಲಿ ಜನ ಯಾವ ಪ್ರಾಣಿಗೆ ದಿನನಿತ್ಯ ಹೆದರುತ್ತಿದ್ದರು ಅನ್ನುವುದು ಇದರಲ್ಲಿ ಸ್ಪಷ್ಟ ಇದೆ.

ಆನೆಗೆ ಬರೋಣ. ಸುಳ್ಯ, ಪುತ್ತೂರಿನ ಸೀಮೆಗಳು 1834ರವರೆಗೆ ಕೊಡಗಿನ ಹಾಲೇರಿ ಅರಸರ ಕೈಯಲ್ಲಿದ್ದವು. ಆ ವರ್ಷ ಬ್ರಿಟಿಷರು ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡು, ಘಟ್ಟದ ಕೆಳಗಿನ ಈ ಭಾಗಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. (1837ರ ಕಲ್ಯಾಣಸ್ವಾಮಿ ದಂಗೆ, ಅಮರ ಸುಳ್ಯದ ಕತೆ ಎಲ್ಲ ಶುರುವಾಗುವುದು ಇಲ್ಲಿಂದಲೇ. ಅದು ಬೇರೆಯೇ ಬರೆಯಬೇಕಾದ ವಿಷಯ.) ಈ ಅರಸರ ಕಾಲದ ಒಂದು ಶಾಸನದಲ್ಲಿ ಆನೆಗಳ ಲೆಕ್ಕ ಸಿಗುತ್ತದೆ. 1822ರಿಂದ 1824ರ ನಡುವೆ 38 ದಿನಗಳ ಬೇಟೆಯಲ್ಲಿ ಅರಸ ತನ್ನ ಕೈಯಾರೆ 233 ಆನೆ ಕೊಂದ, ಅವನ ಸಿಪಾಯಿಗಳು 181 ಆನೆಗಳನ್ನು ಜೀವಸಹಿತ ಹಿಡಿದರು ಅಂತ ಕಲ್ಲಿನಲ್ಲಿ ಕೊರೆಸಿದ್ದಾರೆ. ಅರಸರ ಶಾಸನದಲ್ಲಿ ಸ್ವಲ್ಪ ಜಂಬ ಇದ್ದೇ ಇರುತ್ತದೆ, ಅರ್ಧಕ್ಕರ್ಧ ಕಳೆಯಿರಿ. ಆದರೂ ಇನ್ನೂರು ಆನೆ!

ಇದರ ಅರ್ಥ ಏನು? ಘಟ್ಟದ ಮೇಲೆ ಆನೆಗಳು ತುಂಬಾ ಇದ್ದವು, ಘಟ್ಟದ ಕೆಳಗೆ ಗುಂಡಿ ತೋಡುವಷ್ಟಾದರೂ ಇದ್ದವು. ನಂತರ ಎರಡೂ ಕಡೆ ಕಡಿಮೆಯಾದವು. ಕೊಡಗಿನಲ್ಲಿ, ಸಕಲೇಶಪುರದಲ್ಲಿ ಹತ್ತೊಂಬತ್ತನೇ ಶತಮಾನದ ಎರಡನೇ ಅರ್ಧದಲ್ಲಿ ಕಾಫಿ ಬಂತು. ಹಾಗಾಗಿ "ಅಜ್ಜನ ಕಾಲದಲ್ಲಿ ಆನೆ ಇರಲಿಲ್ಲ" ಅನ್ನುವ ನಮ್ಮವರ ಮಾತು ಸುಳ್ಳಲ್ಲ, ಅವರವರ ಅಜ್ಜನ ಮಟ್ಟಿಗೆ ನಿಜವೇ. ಆದರೆ ಅಜ್ಜನ ಅಜ್ಜನನ್ನು ಕೇಳಿದ್ದರೆ ಬೇರೆ ಉತ್ತರ ಸಿಗುತ್ತಿತ್ತು. ನಾವು ಸಾಮಾನ್ಯವಾಗಿ ಕಾಡಿನ ಚರಿತ್ರೆಯನ್ನು ನಮ್ಮ ಬಾಲ್ಯದಿಂದ ಶುರು ಮಾಡುತ್ತೇವೆ. ನಮ್ಮ ಬಾಲ್ಯವೋ, ಎಲ್ಲ ಪ್ರಾಣಿಗಳೂ ಅತಿ ಕಡಿಮೆ ಇದ್ದ ಕಾಲ!

ಅಷ್ಟು ಕಡಿಮೆ ಆದದ್ದು ಹೇಗೆ ಅಂದರೆ, ಒಂದು ಕಾರಣ ಕೋವಿ.

ಮದ್ರಾಸ್ ಸರ್ಕಾರ ಹುಲಿ, ಚಿರತೆ ಕೊಂದವರಿಗೆ ಇನಾಮು ಕೊಡುತ್ತಿತ್ತು. ಆಗ ಹುಲಿ ಕೊಲ್ಲುವುದು ಅಪರಾಧ ಅಲ್ಲ, ಉಪಕಾರ. ಘಟ್ಟದ ಮೇಲೆ ಕೊಡವರಲ್ಲಿ ಹುಲಿ ಹೊಡೆದವನಿಗೆ 'ನರಿ ಮಂಗಲ' ಅಂತ ಮದುವೆಯ ಹಾಗೆಯೇ ಒಂದು ಶಾಸ್ತ್ರ ಮಾಡುತ್ತಿದ್ದರು (ಕೊಡವ ಭಾಷೆಯಲ್ಲಿ ನರಿ ಅಂದರೆ ಹುಲಿ). ನಮ್ಮ ಕಡೆ ಕೆಡ್ಡಸದ ಬೋಂಟೆ. ಫೆಬ್ರವರಿಯಲ್ಲಿ ಭೂಮಿ ಋತುಮತಿಯಾಗುವ ದಿನಗಳು ಅಂತ ನಂಬಿ ಭೂಮಿಗೆ ಹಾರೆ, ಗುದ್ದಲಿ ತಾಗಿಸುವಂತಿಲ್ಲ, ಎಲ್ಲರಿಗೂ ರಜೆ. ಗಂಡಸರು ನಾಯಿ, ಕೋವಿ ಹಿಡಿದು ಗುಡ್ಡೆ ಹತ್ತುವುದು. ಬೋಂಟೆ ಅಂದರೆ ಬೇಟೆ. ಹಂದಿ ಸಿಕ್ಕಿದರೆ ಪಾಲು, ಬರಿಂಕ ಸಿಕ್ಕಿದರೂ ಪಾಲು. ಬರಿಂಕ ಅಂದರೆ ಮೊಲಕ್ಕಿಂತ ತುಸು ದೊಡ್ಡ ಜಿಂಕೆಯಂಥ ಪ್ರಾಣಿ, ಪುಸ್ತಕದ ಕನ್ನಡದಲ್ಲಿ ಕೂರ. ಈಗಿನ ಮಕ್ಕಳಿಗೆ ಆ ಶಬ್ದವೇ ಗೊತ್ತಿಲ್ಲ.

ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೋವಿ ನಮ್ಮಲ್ಲಿ ಮನೆಮನೆಯಲ್ಲಿ ಅನ್ನುವಷ್ಟು ಇತ್ತು, ಈಗಲೂ ಇದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಕೊಂಡುಹೋಗಿ ಠೇವಣಿ ಇಡುವ ಸಂಭ್ರಮ ಬೇರೆ. ನಮ್ಮ ಅಜ್ಜನ ಕೋವಿ ಚಾವಡಿಯ ಗೋಡೆಯಲ್ಲಿ ನೇತಾಡುತ್ತಿತ್ತು. ಅದರಿಂದ ಅವರು ಹೊಡೆದ ಹಂದಿಗಳ ಕತೆ ಪ್ರತಿ ವರ್ಷ ಒಂದೆರಡು ಹಂದಿ ಹೆಚ್ಚಾಗುತ್ತಾ ಹೋಗುತ್ತಿತ್ತು. ಹಂದಿ ಗಣತಿಯ ವಿಷಯದಲ್ಲಿ ಮೌಖಿಕ ಪರಂಪರೆಯನ್ನು ಹೆಚ್ಚು ನಂಬಬೇಡಿ :)

ಕಾರಂತರು ಪುತ್ತೂರಿನಲ್ಲಿ ಕೂತು 1943ರಲ್ಲಿ 'ಬೆಟ್ಟದ ಜೀವ' ಬರೆದರಲ್ಲ, ಸುಬ್ರಹ್ಮಣ್ಯದ ಕಡೆ ಕಾಡಿನ ಮಗ್ಗುಲಲ್ಲಿ ತೋಟ ಮಾಡಿದವರ ಕತೆ. ಅದರಲ್ಲಿ ಕಾಡುಪ್ರಾಣಿಗಳ ಕಾಟ ಒಂದು ವಿಶೇಷ ಸಂಗತಿ ಅಲ್ಲ, ಮಳೆಯ ಹಾಗೆ ಇರುವಂಥದ್ದು. ಅವರ ಮಗ ಉಲ್ಲಾಸ ಕಾರಂತರು 1948ರಲ್ಲಿ ಪುತ್ತೂರಿನಲ್ಲಿ ಹುಟ್ಟಿದವರು. ಮುಂದೆ ನಾಗರಹೊಳೆಯಲ್ಲಿ ಹುಲಿಗೆ ರೇಡಿಯೋ ಕಾಲರ್ ಹಾಕಿ, ಕ್ಯಾಮೆರಾ ಇಟ್ಟು ಹುಲಿ ಎಣಿಸುವ ವಿದ್ಯೆಯನ್ನೇ ಬೆಳೆಸಿದರು. ಹುಲಿವೇಷ ಕುಣಿಯುವ ಊರಿನಲ್ಲಿ ಹುಟ್ಟಿದವರು ಹುಲಿ ಹುಡುಕಿಕೊಂಡು ಘಟ್ಟ ಹತ್ತಬೇಕಾಯಿತು. ಅಷ್ಟರಲ್ಲಿ ಪುತ್ತೂರಿನಲ್ಲಿ ಉಳಿದದ್ದು ಅಷ್ಟಮಿಯ, ದಸರಾದ ಪಿಲಿ ಮಾತ್ರ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅಂದಿನಿಂದಲೇ ಪ್ರಾಣಿಗಳು ಹೆಚ್ಚಾದವು ಅಂತ ಊರಲ್ಲಿ ವಾದ. ಕಾಯ್ದೆಯಿಂದ ಬೇಟೆ ನಿಂತದ್ದು ಎಷ್ಟು, ಕದ್ದುಮುಚ್ಚಿ ನಡೆದದ್ದು ಎಷ್ಟು ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಉರುಳು, ಹಂದಿಗೆ ಇಡುವ ಸಿಡಿಮದ್ದು, ರಾತ್ರಿ ಹೆಡ್‌ಲೈಟ್ ಕಟ್ಟಿಕೊಂಡು ಹೋಗುವುದು ಇವೆಲ್ಲ ಎಷ್ಟೋ ವರ್ಷ ನಡೆದವು. ನನ್ನ ಪ್ರಕಾರ ಕಾಯ್ದೆಯಷ್ಟೇ ದೊಡ್ಡ ಕಾರಣ ಗುಡ್ಡೆಗಳು. ಕೋವಿಯ ಕತೆ ಎಲ್ಲರೂ ಹೇಳುತ್ತಾರೆ, ಗುಡ್ಡೆಯ ಕತೆ ಯಾರೂ ಹೇಳುವುದಿಲ್ಲ.

ಅಡಿಕೆ ತೋಟ ಇದ್ದವರಿಗೆ ಸುತ್ತಲಿನ ಸರ್ಕಾರಿ ಗುಡ್ಡೆಯಲ್ಲಿ ಕುಮ್ಕಿ ಹಕ್ಕು ಇತ್ತು. ಸೊಪ್ಪು, ತರಗೆಲೆ, ಕಟ್ಟಿಗೆ ತರಬಹುದು, ದನ ಬಿಡಬಹುದು. ತೋಟ, ಅದರಾಚೆ ಗದ್ದೆ, ಅದರಾಚೆ ಕುಮ್ಕಿ ಗುಡ್ಡೆ, ಮತ್ತೆ ರಕ್ಷಿತಾರಣ್ಯ. ಹೀಗೆ ಮನೆಗೂ ಕಾಡಿಗೂ ನಡುವೆ ಎರಡು ಮೂರು ಪದರ. ಹಗಲಿಡೀ ಗುಡ್ಡೆಯಲ್ಲಿ ದನ ಮೇಯಿಸುವ ಮಕ್ಕಳು, ಸೊಪ್ಪು ಕಡಿಯುವ ಹೆಂಗಸರು, ನಾಯಿಗಳು. ಮೃಗಗಳು ಆ ಪದರ ದಾಟಿ ಬರಬೇಕಿತ್ತು.

1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿತು. ನಮ್ಮ ಜಿಲ್ಲೆಯಲ್ಲಿ ಅದು ನಿಜವಾಗಿ ಜಾರಿಯಾಯಿತು, ಅದರಿಂದಲೇ ಎಷ್ಟೋ ಮನೆಗಳು ತಲೆಯೆತ್ತಿದವು. ಅದರ ಹಿಂದಿನ ವರ್ಷ, 1973ರಲ್ಲಿ ಕ್ಯಾಂಪ್ಕೊ ಶುರುವಾಗಿ ಅಡಿಕೆಗೆ ಒಂದು ಆಸರೆ ಆಗಿತ್ತು. ಅಡಿಕೆಯ ನಡುವೆ ಕೊಕ್ಕೋ ಬಂತು, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆಯೇ ಬಂತು. ಗದ್ದೆಗಳು ಒಂದೊಂದಾಗಿ ತೋಟವಾದವು. ತಿರುವಾಂಕೂರಿನ ಕಡೆಯಿಂದ ಬಂದವರು ಶಿರಾಡಿ, ನೆಲ್ಯಾಡಿ, ಕಡಬದ ಗುಡ್ಡೆಗಳಲ್ಲಿ ರಬ್ಬರು ಹಾಕಿದರು. ಅತ್ತ 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಮೇಲೆ ಸಿಲೋನಿನಿಂದ ವಾಪಸು ಬಂದ ತಮಿಳರಿಗೆ ಕೆಲಸ ಕೊಡಲು ಸರ್ಕಾರವೇ ಸುಳ್ಯ, ಪುತ್ತೂರಿನಲ್ಲಿ ಸಾವಿರಾರು ಎಕರೆ ರಬ್ಬರು ನೆಟ್ಟಿತು. 1971ರಲ್ಲಿ ಸ್ಥಾಪನೆಯಾದ ಅರಣ್ಯ ಅಭಿವೃದ್ಧಿ ನಿಗಮ ಇಂದಿಗೂ ಅದನ್ನು ನೋಡಿಕೊಳ್ಳುತ್ತಿದೆ. ಬೆಂಗಳೂರಿನ ಗೆಳೆಯರು ಹೇಳುವ "ನೀವು ಹೋಗಿ ತೋಟ ಮಾಡಿದ್ದು" ಅನ್ನುವುದರಲ್ಲಿ ಈ 'ನೀವು' ಯಾರು ಅಂತ ಕೇಳಬೇಕಾದ್ದು ಇಲ್ಲೇ. ಕಾಡು ಕಡಿದು ಗೇರು, ರಬ್ಬರು ಮಾಡಿದ್ದರಲ್ಲಿ ಸರ್ಕಾರದ ಪಾಲು ಸಣ್ಣದಲ್ಲ.

ಕಾಡು ಕಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಪಕ್ಕದ ಬೆಳ್ತಂಗಡಿಯಲ್ಲಿ ಒಂದು ಭಯಾನಕ ಉದಾಹರಣೆ ಇದೆ. 1982-83ರಲ್ಲಿ ಪಟ್ರಮೆ, ನಿಡ್ಲೆ ಕಡೆ ಗೇರು ತೋಟಕ್ಕಾಗಿ ಕಾಡು ಬೋಳಿಸುತ್ತಿದ್ದಾಗ ಮಂಗಗಳು ಸಾಯತೊಡಗಿದವು, ನಂತರ ಮನುಷ್ಯರು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಮಂಗನಕಾಯಿಲೆ. ಅದನ್ನು ಹರಡುವುದು ಉಣ್ಣಿ. ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಆ ಬೇಸಗೆಯ ಬಗ್ಗೆ ಮಾತಾಡುವಾಗ ನಮ್ಮ ಹಿರಿಯರ ಧ್ವನಿ ಈಗಲೂ ತಗ್ಗುತ್ತದೆ.

ಅಂತೂ ನಡುವಿನ ಪದರ ಹೋಯಿತು. ಕಾಡು ಮುಗಿದ ಕೂಡಲೇ ತೋಟ. ದನ ಮೇಯಿಸುವ ಮಕ್ಕಳು ಶಾಲೆಗೆ ಹೋದರು (ಹೋಗಲೇಬೇಕಿತ್ತು), ಆಮೇಲೆ ಮಂಗಳೂರಿಗೆ, ಬೆಂಗಳೂರಿಗೆ. ಗ್ಯಾಸ್ ಬಂದ ಮೇಲೆ ಕಟ್ಟಿಗೆಗೆ ಗುಡ್ಡೆ ಹತ್ತುವವರಿಲ್ಲ. ರಬ್ಬರಿನ ಅಡಿಯಲ್ಲಿ ಪೊದೆ, ಹಡೀಲು ಬಿದ್ದ ಗದ್ದೆಯಲ್ಲಿ ಹುಲ್ಲು. ಹಂದಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಮಂಗ, ಕೆಂದಳಿಲಿಗೆ ಎಳನೀರು, ಬಾಳೆ, ಮೇಲಿನಿಂದ ಕೊಕ್ಕೋ. ಬೇಸಗೆಯಲ್ಲಿ ಕಾಡೊಳಗಿನ ತೋಡುಗಳು ಬತ್ತುವಾಗ ಸ್ಪ್ರಿಂಕ್ಲರ್ ತಿರುಗುವ ತೋಟ ಮಾತ್ರ ಹಸಿರು.

ನವಿಲಿನ ಕತೆ ಇನ್ನೂ ಸ್ವಾರಸ್ಯ. ನಾನು ಚಿಕ್ಕವನಿದ್ದಾಗ ನವಿಲು ಅಂದರೆ ಸುಬ್ರಹ್ಮಣ್ಯ ದೇವರ ವಾಹನ, ಕ್ಯಾಲೆಂಡರಿನಲ್ಲಿ ನೋಡುವಂಥದ್ದು. ಈಗ ಅಂಗಳದಲ್ಲಿ ಕೋಳಿಗಳ ಜತೆ ಓಡಾಡುತ್ತದೆ. ಇದು ನಮ್ಮೂರಿನದ್ದು ಮಾತ್ರ ಅಲ್ಲ. ಸಲೀಂ ಅಲಿಯವರು 1933ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಪಕ್ಷಿ ಸಮೀಕ್ಷೆ ಮಾಡಿದಾಗ ನವಿಲು ಸಿಕ್ಕಿರಲಿಲ್ಲ, ಈಗ ಕೇರಳದಲ್ಲೂ ನವಿಲಿನ ದೂರು. ನವಿಲು ಒಣ ಕುರುಚಲು ಕಾಡಿನ ಹಕ್ಕಿ. ನಮ್ಮ ದಟ್ಟ ಕಾಡು ಅದಕ್ಕೆ ಹೇಳಿಸಿದ್ದಲ್ಲ, ನಾವು ಮಾಡಿಕೊಂಡ ಬಯಲು, ತೋಟ ಸರಿ ಹೊಂದುತ್ತದೆ. ನವಿಲು ಬಂತು ಅಂತ ಫೋಟೋ ಹಾಕಿ "ಪ್ರಕೃತಿ ಮರಳಿತು" ಅಂತ ಬರೆಯುವವರು ಇದನ್ನು ಒಮ್ಮೆ ಯೋಚಿಸಬೇಕು. ಅದೇ ಕಾಲದಲ್ಲಿ ನಮ್ಮಲ್ಲಿ ಕುದ್ಕೆಯ, ಅಂದರೆ ನರಿಯ, ಕೂಗು ಕಡಿಮೆಯಾಯಿತು. ಗದ್ದೆಯ ಏಡಿ ಹಿಡಿದು ತಿನ್ನುತ್ತಿದ್ದ ಪ್ರಾಣಿ, ಗದ್ದೆಯೇ ಇಲ್ಲದಾಗ ಎಲ್ಲಿಗೆ ಹೋಗುವುದು?

ಕಾಟಿಗಳ ವಿಷಯದಲ್ಲಿ ಯಾರೂ ಹೇಳದ ಒಂದು ಕಾರಣ ಇದೆ: ದೊಡ್ಡರೋಗ. ದನಗಳಿಗೆ ಬರುತ್ತಿದ್ದ ಈ ರೋಗ ಹಟ್ಟಿಗೆ ಹಟ್ಟಿಯನ್ನೇ ಖಾಲಿ ಮಾಡುತ್ತಿತ್ತು. ದನದ ಜಾತಿಯೇ ಆದ ಕಾಟಿಗೂ ಅದು ಅಂಟುತ್ತಿತ್ತು. 1968ರ ಹೊತ್ತಿಗೆ ಬಂಡೀಪುರ, ಮುದುಮಲೈಗಳಲ್ಲಿ ಕಾಟಿಗಳು ಹಿಂಡುಹಿಂಡಾಗಿ ಸತ್ತ ದಾಖಲೆ ಇದೆ. ಲಸಿಕೆ ಹಾಕಿ ಹಾಕಿ 1995ರ ನಂತರ ಭಾರತದಲ್ಲಿ ಆ ರೋಗ ಕಾಣಿಸಲಿಲ್ಲ. 2011ರಲ್ಲಿ ಇಡೀ ಪ್ರಪಂಚದಿಂದಲೇ ಹೋಯಿತು ಅಂತ ಘೋಷಿಸಿದರು. ಹಟ್ಟಿಯ ದನಕ್ಕೆ ಚುಚ್ಚಿದ ಸೂಜಿ ಕಾಡಿನ ಕಾಟಿಯನ್ನೂ ಉಳಿಸಿತು! ಗುಡ್ಡೆಗೆ ಮೇಯಲು ಹೋಗುವ ದನಗಳೂ ಕಡಿಮೆಯಾದ್ದರಿಂದ ಹುಲ್ಲಿಗೂ ಪೈಪೋಟಿ ಇಲ್ಲ. ಈಗ ಸುಳ್ಯದ ತೋಟಗಳಲ್ಲಿ ಕಾಟಿ ಕಾಣುವುದು ಸುದ್ದಿಯೇ ಅಲ್ಲ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಹೊತ್ತಿಗೆ, ಒಂದು ಕಾಟಿ ಮಂಗಳೂರು ಪೇಟೆಯ ಒಳಗೇ ಬಂದಿತ್ತು. ಹಿಡಿದು ಸಾಗಿಸಿದರು, ಪಾಪ ಸತ್ತೇ ಹೋಯಿತು.

ಹಾಗಾದರೆ ಪ್ರಾಣಿಗಳು ಹೆಚ್ಚಾಗಿವೆ ತಾನೇ? ನಮ್ಮ ಬೆಳೆ ತಿಂದು ಬದುಕಬಲ್ಲವು ಹೆಚ್ಚಾಗಿವೆ, ಅಥವಾ ಹತ್ತಿರ ಬಂದಿವೆ. ದಟ್ಟ ಕಾಡೇ ಬೇಕು ಅನ್ನುವವುಗಳ ಕತೆ ಬೇರೆ. ಪುಷ್ಪಗಿರಿ, ಬಿಸಿಲೆ ಕಡೆಯ ಸಿಂಗಳೀಕ ಮರದಿಂದ ಮರಕ್ಕೇ ಹೋಗುವ ಪ್ರಾಣಿ, ಮಾಂಸಕ್ಕೆ ಬೇಟೆಯಾಡಿ ಅದನ್ನು ತುಂಬಾ ಕಡಿಮೆ ಮಾಡಿದರು. ಅದು ಅಡಿಕೆ ತೋಟಕ್ಕೆ ಇಳಿಯುವುದಿಲ್ಲ, ಹಾಗಾಗಿ ಅದು ಕಡಿಮೆಯಾದದ್ದು ನಮಗೆ ಗೊತ್ತಾಗಲೂ ಇಲ್ಲ. ಗುಂಡ್ಯದ ಹೆಸರು ಹೊತ್ತ ಒಂದು ಕಪ್ಪೆಯೇ ಇದೆ, ಕೆಂಪುಹೊಳೆಯ ಕಾಡಿನಿಂದ 1986ರಲ್ಲಿ ವಿಜ್ಞಾನಿಗಳು ಹೆಸರಿಟ್ಟದ್ದು. ಅದು ಎಷ್ಟಿದೆ ಅಂತ ಚಾವಡಿಯಲ್ಲಿ ಯಾರು ಮಾತಾಡುತ್ತಾರೆ? ಹೊಳೆಯ ಪೆರುವೋಳು ಮೀನು ದೇವಸ್ಥಾನದ ಬದಿಯ ಗುಂಡಿಗಳಲ್ಲಿ ದೇವರ ಮೀನಾಗಿ ಉಳಿದುಕೊಂಡಿದೆ, ತೊಡಿಕಾನದ ಮತ್ಸ್ಯತೀರ್ಥಕ್ಕೆ ಹೋದವರು ನೋಡಿರುತ್ತೀರಿ.

ಮತ್ತೆ ಆನೆ. ಕುಮಾರಧಾರೆಯ ಕಡೆಗೆ ಅವು ಬರುವುದು ಬಿಸಿಲೆ, ಶಿರಾಡಿ ಘಾಟಿಗಳ ಕಾಡಿನಿಂದ. ಆ ಘಾಟಿಯ ಮೂಲಕವೇ 1979ರಲ್ಲಿ ಮಂಗಳೂರು-ಹಾಸನ ರೈಲು ಬಂತು, ಹೆದ್ದಾರಿ ಅಗಲವಾಯಿತು. ಘಟ್ಟದ ಮೇಲೆ ಹೇಮಾವತಿ ಅಣೆಕಟ್ಟು ಕೂಡ ಅದೇ ಹೊತ್ತಿಗೆ ತುಂಬಿತು. ಆಲೂರು, ಸಕಲೇಶಪುರದ ಆನೆಗಳು ಕಾಫಿ ತೋಟಗಳ ನಡುವೆ ಸಿಕ್ಕಿಬಿದ್ದವು. ಹೈಕೋರ್ಟಿನ ಆದೇಶದ ಮೇಲೆ ರಚನೆಯಾದ ಆನೆ ಕಾರ್ಯಪಡೆ 2012ರ ವರದಿಯಲ್ಲಿ ರಾಜ್ಯವನ್ನು ಆನೆಗಳನ್ನು ಕಾಪಾಡುವ ಜಾಗ, ಮನುಷ್ಯರೂ ಆನೆಗಳೂ ಹೊಂದಿಕೊಳ್ಳಬೇಕಾದ ಜಾಗ, ಆನೆಗಳನ್ನು ತೆಗೆಯಬೇಕಾದ ಜಾಗ ಅಂತ ಮೂರು ಮಾಡಿ ನೋಡಲು ಹೇಳಿತು. ನಂತರ ಆಲೂರು ಕಡೆ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದರು.

ರಾಜ್ಯದ ಲೆಕ್ಕ ನೋಡಿದರೆ 2017ರಲ್ಲಿ 6,049 ಆನೆ, 2023ರಲ್ಲಿ 6,395. ಆರು ವರ್ಷದಲ್ಲಿ ಮುನ್ನೂರು ಚಿಲ್ಲರೆ ಹೆಚ್ಚಳ. ಹುಲಿ 2014ರಲ್ಲಿ 406 ಇದ್ದದ್ದು 2022ರಲ್ಲಿ 563. ಆದರೆ ರೆಂಜಿಲಾಡಿಯವರಿಗೆ, ಮಂಡೆಕೋಲಿನವರಿಗೆ ಈ ಅಂಕೆಯಿಂದ ಆಗಬೇಕಾದ್ದು ಏನೂ ಇಲ್ಲ. ರಾಜ್ಯದಲ್ಲಿ ಒಂದು ಆನೆಯೂ ಹೆಚ್ಚದೆ, ಇದ್ದವೇ ಬೇರೆ ದಾರಿ ಹಿಡಿದರೂ ನಮ್ಮ ತೋಟಕ್ಕೆ ಬಂದರೆ ನಮಗೆ ಸೊನ್ನೆಯಿಂದ ಐದು. 'ಎಷ್ಟಿವೆ' ಅನ್ನುವುದಕ್ಕಿಂತ 'ಎಲ್ಲಿವೆ' ಅನ್ನುವುದು ಮುಖ್ಯ ಆದದ್ದು ಹೀಗೆ. ಆ ಯುವತಿ ನಸುಕಿಗೆ ನಡೆಯುವ ದಾರಿಯಲ್ಲಿ ಆನೆ ಇದೆ ಅಂತ ಹಿಂದಿನ ರಾತ್ರಿಯೇ ಎಲ್ಲರಿಗೂ ತಿಳಿಸುವ ವ್ಯವಸ್ಥೆ ಬೇಕಿತ್ತು. ಅದಕ್ಕೆ ಗಣತಿ ಸಾಲದು, ದಿನದಿನದ ಕಾವಲು ಬೇಕು.

ಪಯಸ್ವಿನಿಯ ಕಡೆ ಇನ್ನೊಂದು ತಮಾಷೆ. ಮಂಡೆಕೋಲು, ಅಜ್ಜಾವರ, ಆಲೆಟ್ಟಿಯ ಆನೆಗಳಿಗೆ ರಾಜ್ಯ ಎರಡು. ಇಲ್ಲಿ ಗರ್ನಾಲ್ ಹೊಡೆದು ಓಡಿಸಿದರೆ ಹೊಳೆ ದಾಟಿ ಕೇರಳದ ಕಾರಡ್ಕ, ಮುಳಿಯಾರು ಕಡೆ. ಅಲ್ಲಿ ಓಡಿಸಿದರೆ ಮತ್ತೆ ಇಲ್ಲಿಗೆ. ಎರಡೂ ಕಡೆಯ ಕೃಷಿಕರು ಒಂದೇ ಅಡಿಕೆ, ಒಂದೇ ಬಾಳೆ ಬೆಳೆಯುವವರು, ಎಷ್ಟೋ ಜನ ನೆಂಟರೂ ಹೌದು. ಎರಡು ಇಲಾಖೆಗಳು ಮಾತ್ರ ತಂತಮ್ಮ ಗಡಿ ನೋಡಿಕೊಳ್ಳುತ್ತವೆ.

ಕಡಬದ ಘಟನೆಯಾಗಿ ಎರಡು ತಿಂಗಳಿಗೆ, 2023ರ ಎಪ್ರಿಲ್‌ನಲ್ಲಿ ಅಜ್ಜಾವರದ ಒಂದು ತೋಟದ ಕೆರೆಗೆ ನಾಲ್ಕು ಆನೆ ಬಿದ್ದವು, ಎರಡು ದೊಡ್ಡವು, ಎರಡು ಮರಿ. ಆಗಷ್ಟೇ ಆನೆಯ ಮೇಲೆ ಜಿಲ್ಲೆಯಿಡೀ ಸಿಟ್ಟಿತ್ತು. ಆದರೂ ಊರವರು, ಅರಣ್ಯದವರು ಸೇರಿ ಕೆರೆಯ ದಡ ಕಡಿದು ದಾರಿ ಮಾಡಿದರು. ಆನೆಗಳು ಹತ್ತಿ ಕಾಡಿಗೆ ಹೋದವು. ಒಂದು ಮರಿ ಮಾತ್ರ ಹಿಂಡಿನ ಜತೆ ಸೇರದೆ ಉಳಿಯಿತು, ಅದನ್ನು ಕೊನೆಗೆ ದುಬಾರೆಗೆ ಕಳಿಸಿದರು.

ನಿಮ್ಮೂರಲ್ಲಿ ಕೊನೆಯ ಹುಲಿ ಯಾವ ವರ್ಷ ದನ ಹಿಡಿದದ್ದು, ಮೊದಲ ನವಿಲು ಯಾವ ವರ್ಷ ಅಂಗಳಕ್ಕೆ ಬಂದದ್ದು, ಬರಿಂಕ ಕೊನೆಗೆ ಕಂಡದ್ದು ಯಾವಾಗ? ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಕೇಳಿ, ವರ್ಷ ಸಮೇತ ಬರೆದಿಡಿ. ವರ್ಷ ನೆನಪಿಲ್ಲದಿದ್ದರೆ "ದೊಡ್ಡ ಬೊಳ್ಳ ಬಂದ ವರ್ಷವಾ, ರೈಲು ಬಂದ ವರ್ಷವಾ" ಅಂತ ಕೇಳಿ, ಆಗ ಸರಿಯಾಗಿ ಹೇಳುತ್ತಾರೆ.